ವಿಯೆಟ್ನಾಂ ನಂತರ ಅಮೆರಿಕದ ಯುದ್ಧನೀತಿ ಇಷ್ಟು ಸಲ ಬದಲಾದದ್ದೇಕೆ?

ಅಮೆರಿಕ ಪರದೇಶಗಳಲ್ಲಿ ಯುದ್ಧ ಮಾಡುವ ಬಗೆ ವಿಯೆಟ್ನಾಂ ನಂತರ ಪದೇ ಪದೇ ಬದಲಾದದ್ದಕ್ಕೆ ಹೊಸ ಶಸ್ತ್ರಾಸ್ತ್ರಗಳೇ ಕಾರಣವೇ, ಇನ್ನು ಮುಂದೆ ಆ ದೇಶ ಗೆರಿಲ್ಲಾ ಯುದ್ಧಗಳಿಗೆ ಇಳಿಯುವುದೇ ಇಲ್ಲವೇ ಎಂದು ಕೇಳಿದ್ದೀರಿ. ಶಸ್ತ್ರಾಸ್ತ್ರಗಳ ಪಾತ್ರ ದೊಡ್ಡದೇ, ಆದರೆ ಅವು ಸಾಧನಗಳು. ತಮ್ಮ ಸೈನಿಕರ ಸಾವನ್ನು ಸ್ವದೇಶದ ಜನ ಎಷ್ಟು ಕಾಲ ಸಹಿಸಿಯಾರು ಎಂಬ ಲೆಕ್ಕಾಚಾರವೇ ಪ್ರತಿ ಬಾರಿಯೂ ಯುದ್ಧದ ಸ್ವರೂಪವನ್ನು ನಿರ್ಧರಿಸಿದೆ ಎಂದು ನಾನು ಭಾವಿಸುತ್ತೇನೆ.

ವಿಯೆಟ್ನಾಂನಲ್ಲಿ ಸತ್ತ ಅಮೆರಿಕನ್ ಸೈನಿಕರ ಸಂಖ್ಯೆ 58,000ಕ್ಕೂ ಹೆಚ್ಚು. ಅವರಲ್ಲಿ ಅನೇಕರು ಕಡ್ಡಾಯ ಭರ್ತಿಯಲ್ಲಿ ಬಂದವರಾದ್ದರಿಂದ ಯುದ್ಧದ ನೋವು ಸಾಮಾನ್ಯ ಮನೆಗಳ ಒಳಗೇ ನುಗ್ಗಿತ್ತು. 1973ರಲ್ಲಿ ಕಡ್ಡಾಯ ಭರ್ತಿ ನಿಂತು, ಸ್ವಇಚ್ಛೆಯಿಂದ ಸೇರಿದವರ ಸೇನೆ ರೂಪುಗೊಂಡಿತು. ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಅದೇ ವರ್ಷ ಅಧ್ಯಕ್ಷ ನಿಕ್ಸನ್ ಅವರ ವಿಟೋವನ್ನು (ತಡೆಯನ್ನು) ಮೀರಿ ಒಂದು ಕಾನೂನು ತಂದಿತು: ಅಧ್ಯಕ್ಷರು ಸೇನೆಯನ್ನು ಹೋರಾಟಕ್ಕೆ ಇಳಿಸಿದ 48 ಗಂಟೆಗಳೊಳಗೆ ಕಾಂಗ್ರೆಸ್‌ಗೆ ತಿಳಿಸಬೇಕು, ಅದರ ಒಪ್ಪಿಗೆ ಸಿಗದಿದ್ದರೆ 60 ದಿನಗಳ ನಂತರ ಹೋರಾಟ ನಿಲ್ಲಿಸಬೇಕು. ಇತ್ತ ಸೇನೆಯು ಕಾಡಿನ ಯುದ್ಧ ಕಲಿಸಿದ್ದನ್ನು ಬದಿಗಿಟ್ಟು, ಯುರೋಪಿನ ಬಯಲಿನಲ್ಲಿ ಸೋವಿಯತ್ ಟ್ಯಾಂಕುಗಳನ್ನು ಎದುರಿಸುವ ಸಿದ್ಧತೆಗೆ ಮರಳಿತು. ಭೂಸೇನೆ ಮತ್ತು ವಾಯುಬಲ ಒಂದಾಗಿ ಶತ್ರುವಿನ ಹಿಂಬದಿಯವರೆಗೂ ಹೊಡೆಯಬೇಕೆಂಬ 1982ರ ಯುದ್ಧ ಸಿದ್ಧಾಂತ ಇದರ ಫಲ.

ಲೆಬನಾನಿನ ರಾಜಧಾನಿ ಬೈರೂತಿನಲ್ಲಿ 1983ರ ಅಕ್ಟೋಬರಿನಲ್ಲಿ ಸ್ಫೋಟಕ ತುಂಬಿದ ಲಾರಿಯೊಂದು 241 ಅಮೆರಿಕನ್ ಯೋಧರನ್ನು ಬಲಿ ತೆಗೆದುಕೊಂಡಿತು. ಮರುವರ್ಷ ರಕ್ಷಣಾ ಸಚಿವ ಕ್ಯಾಸ್ಪರ್ ವೈನ್‌ಬರ್ಗರ್ ಸೇನೆಯನ್ನು ಕಳುಹಿಸುವ ಮುನ್ನ ಪರಿಶೀಲಿಸಬೇಕಾದ ಆರು ಷರತ್ತುಗಳನ್ನು ಮುಂದಿಟ್ಟರು. ಅತ್ಯಗತ್ಯ ಹಿತಾಸಕ್ತಿ ಇರಬೇಕು, ಗುರಿ ಸ್ಪಷ್ಟವಾಗಿರಬೇಕು, ಗೆಲ್ಲುವ ಸಂಕಲ್ಪವಿರಬೇಕು, ಜನರ ಬೆಂಬಲವಿರಬೇಕು ಎಂಬುವು ಅವುಗಳಲ್ಲಿ ಮುಖ್ಯವಾದವು. ಕುವೈತಿನಿಂದ ಇರಾಕನ್ನು ಹೊರದಬ್ಬಿದ 1991ರ ಕೊಲ್ಲಿ ಯುದ್ಧ ಈ ಚಿಂತನೆಗೆ ಅಚ್ಚುಕಟ್ಟಾಗಿ ಹೊಂದಿಕೊಂಡಿತು. ಐದು ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಜಮಾಯಿಸಿ, ವಾರಗಟ್ಟಲೆ ಬಾಂಬ್ ಹಾಕಿದ ಮೇಲೆ, ಭೂಯುದ್ಧ 100 ಗಂಟೆಗಳಲ್ಲಿ ಮುಗಿಯಿತು.

ಆ ಗೆಲುವಿನಿಂದ ಬಂದ ಆತ್ಮವಿಶ್ವಾಸ ಎರಡೇ ವರ್ಷಗಳಲ್ಲಿ ಸೊಮಾಲಿಯಾದ ರಾಜಧಾನಿ ಮೊಗದಿಶುವಿನಲ್ಲಿ ಕುಸಿಯಿತು. 1993ರ ಅಕ್ಟೋಬರಿನ ಒಂದೇ ಕಾರ್ಯಾಚರಣೆಯಲ್ಲಿ 18 ಅಮೆರಿಕನ್ ಸೈನಿಕರು ಸತ್ತದ್ದೇ ತಡ, ಸೇನೆಯನ್ನು ವಾಪಸು ಕರೆಸಿಕೊಳ್ಳುವ ನಿರ್ಧಾರವಾಯಿತು. ಮರುವರ್ಷ ರುವಾಂಡಾದಲ್ಲಿ ನರಮೇಧ ನಡೆಯುತ್ತಿದ್ದಾಗ ಅಮೆರಿಕ ಮಧ್ಯಪ್ರವೇಶಿಸಲಿಲ್ಲ. ಈ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ನೋಡಲು ನನ್ನಿಂದ ಆಗುವುದಿಲ್ಲ. 1999ರಲ್ಲಿ ಯುಗೊಸ್ಲಾವಿಯಾದ ಪ್ರಾಂತ್ಯವಾಗಿದ್ದ ಕೊಸೊವೊ ವಿಚಾರವಾಗಿ, ಅಮೆರಿಕ ಮತ್ತು ಯುರೋಪಿನ ದೇಶಗಳ ಸೇನಾ ಮೈತ್ರಿಕೂಟವಾದ ನೇಟೊ 78 ದಿನ ಆಕಾಶದಿಂದಲೇ ಯುದ್ಧ ನಡೆಸಿತು. ಶತ್ರುವಿನ ದಾಳಿಗೆ ಮೈತ್ರಿಕೂಟದ ಒಬ್ಬ ಯೋಧನೂ ಬಲಿಯಾಗಲಿಲ್ಲ. ನೆಲಕ್ಕೆ ಕಾಲಿಡದೆ ಯುದ್ಧ ಗೆಲ್ಲಬಹುದೆಂಬ ನಂಬಿಕೆ ಬಲವಾಗಿ ಬೇರೂರಿದ್ದು ಆಗಲೇ.

ಆ ನಂಬಿಕೆಯನ್ನು ಇರಾಕ್ ಮುರಿಯಿತು. 2003ರಲ್ಲಿ ಬಾಗ್ದಾದ್ ಕೆಲವೇ ವಾರಗಳಲ್ಲಿ ಕೈವಶವಾದರೂ ಅದರ ಹಿಂದೆಯೇ ಎದ್ದ ಬಂಡಾಯವನ್ನು ಎದುರಿಸುವ ತಿಳಿವಳಿಕೆಯಾಗಲಿ ತರಬೇತಿಯಾಗಲಿ ಸೇನೆಯಲ್ಲಿ ಉಳಿದಿರಲಿಲ್ಲ. ಸೇನಾಧಿಕಾರಿ ಡೇವಿಡ್ ಪೆಟ್ರೇಯಸ್ ಅವರ ಮುಂದಾಳತ್ವದಲ್ಲಿ ಬಂಡಾಯ ನಿಗ್ರಹದ ಹೊಸ ಕೈಪಿಡಿ ಸಿದ್ಧವಾದದ್ದು 2006ರ ಡಿಸೆಂಬರಿನಲ್ಲಿ, ಅಂದರೆ ಯುದ್ಧ ಶುರುವಾಗಿ ಮೂರೂವರೆ ವರ್ಷ ಕಳೆದ ಮೇಲೆ. ಈ ವಿಷಯಕ್ಕೇ ಮೀಸಲಾದ ಕೈಪಿಡಿಯನ್ನು ಭೂಸೇನೆ 20 ವರ್ಷಗಳಿಂದ ಹೊರತಂದಿರಲಿಲ್ಲ ಎಂದು ಅದರ ಮುನ್ನುಡಿಯೇ ಹೇಳುತ್ತದೆ. ವಿಯೆಟ್ನಾಂನಲ್ಲಿ ಅಷ್ಟು ಜೀವಗಳನ್ನು ತೆತ್ತು ಕಲಿತದ್ದನ್ನು ಮರೆತು, ಮತ್ತೆ ಜೀವಗಳನ್ನು ತೆತ್ತು ಕಲಿಯಬೇಕಾಗಿ ಬಂದದ್ದು ಈ ಇಡೀ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿ. ಸತ್ತ ಇರಾಕಿ ನಾಗರಿಕರ ಸಂಖ್ಯೆಯಂತೂ ಅಮೆರಿಕದ ಸೈನಿಕರ ಸಾವಿಗಿಂತ ಎಷ್ಟೋ ಪಟ್ಟು ಹೆಚ್ಚು.

ಇದರ ನಂತರ ಬಂದದ್ದು ಡ್ರೋನ್ ಮತ್ತು ವಿಶೇಷ ಪಡೆಗಳ ಯುದ್ಧ. ಇದಕ್ಕೆ ಕಾನೂನಿನ ಆಧಾರವೆಂದು ತೋರಿಸಿದ್ದು 2001ರ ಸೆಪ್ಟೆಂಬರಿನಲ್ಲಿ ಕಾಂಗ್ರೆಸ್ ಅಂಗೀಕರಿಸಿದ ನಿರ್ಣಯವನ್ನು. ಅದಕ್ಕೆ ವಿರುದ್ಧವಾಗಿ ಮತ ಹಾಕಿದವರು ಸಂಸದೆ ಬಾರ್ಬರಾ ಲೀ ಒಬ್ಬರೇ. ಸೆಪ್ಟೆಂಬರ್ 11ರ ದಾಳಿಗೆ ಕಾರಣರಾದವರ ವಿರುದ್ಧ ಬರೆದ ಆ ನಿರ್ಣಯವನ್ನೇ, ಆಗ ಆ ಹೆಸರಿನಲ್ಲಿ ಇನ್ನೂ ಹುಟ್ಟಿರದ ಐಸಿಸ್ ವಿರುದ್ಧ 2014ರಲ್ಲಿ ಬಳಸಲಾಯಿತು. 2011ರಲ್ಲಿ ಲಿಬಿಯಾ ಮೇಲಿನ ವಾಯುದಾಳಿ 60 ದಿನ ದಾಟಿದಾಗ ಒಬಾಮ ಆಡಳಿತ ಕೊಟ್ಟ ಸಮಜಾಯಿಷಿ ಇನ್ನೂ ಗಮನಾರ್ಹ: ನೆಲದ ಮೇಲೆ ನಮ್ಮ ಪಡೆಗಳಿಲ್ಲ, ನಮ್ಮವರ ಜೀವಕ್ಕೆ ಅಪಾಯ ಕಡಿಮೆ, ಆದ್ದರಿಂದ 1973ರ ಕಾನೂನಿನ ಗಡುವು ಇದಕ್ಕೆ ಅನ್ವಯಿಸುವುದಿಲ್ಲ. ಸಾಯುವವರು ನಮ್ಮವರಲ್ಲದಿದ್ದರೆ ಜನಪ್ರತಿನಿಧಿಗಳ ಒಪ್ಪಿಗೆಯೂ ಬೇಡವೆಂಬಲ್ಲಿಗೆ ಈ ವಾದ ಬಂದು ನಿಲ್ಲುತ್ತದೆ. ಪ್ರಜಾಪ್ರಭುತ್ವಕ್ಕೆ ಇದು ಅಪಾಯಕಾರಿ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ದೀರ್ಘಕಾಲದ ದೊಡ್ಡ ಪ್ರಮಾಣದ ಸ್ಥಿರತೆ ಕಾಪಾಡುವ ಕಾರ್ಯಾಚರಣೆಗಳಿಗೆ ತಕ್ಕಂತೆ ಸೇನೆಯ ಗಾತ್ರವನ್ನು ಇನ್ನು ನಿರ್ಧರಿಸುವುದಿಲ್ಲ ಎಂದು 2012ರ ರಕ್ಷಣಾ ಮಾರ್ಗಸೂಚಿ ಹೇಳಿತು. ಭಯೋತ್ಪಾದನೆಗಿಂತ ಚೀನಾ ಮತ್ತು ರಷ್ಯಾದಂಥ ರಾಷ್ಟ್ರಗಳ ಪೈಪೋಟಿಯೇ ಮುಖ್ಯವೆಂದು 2018ರ ರಕ್ಷಣಾ ಕಾರ್ಯತಂತ್ರ ಘೋಷಿಸಿತು. ಸಮುದ್ರದಿಂದ ನೆಲಕ್ಕಿಳಿದು ಹೋರಾಡುವ ಮರೀನ್ ಪಡೆ ತನ್ನ ಟ್ಯಾಂಕುಗಳನ್ನೆಲ್ಲ ಬಿಟ್ಟುಕೊಟ್ಟು ದ್ವೀಪಗಳಿಂದ ಹಡಗುಗಳ ಮೇಲೆ ಕ್ಷಿಪಣಿ ಹಾರಿಸುವ ಯುದ್ಧಕ್ಕೆ ಅಣಿಯಾಯಿತು, ಮತ್ತು 2021ರ ಆಗಸ್ಟ್ 30ರಂದು ಕೊನೆಯ ಸೈನಿಕರು ಅಫ್ಘಾನಿಸ್ತಾನದ ರಾಜಧಾನಿ ಕಾಬೂಲ್ ಬಿಟ್ಟರು. ಇಷ್ಟಾದರೂ ‘ಇನ್ನೆಂದೂ ಇಲ್ಲ’ ಎಂಬ ಮಾತನ್ನು ನಾನು ನಂಬಲಾರೆ. ವಿಯೆಟ್ನಾಂ ಯುದ್ಧ ಮುಗಿದ 1975ರ ನಂತರವೂ ಅದೇ ಮಾತು ಕೇಳಿಬಂದಿತ್ತು. ಆದರೆ ಯುದ್ಧದ ಬಗೆಯನ್ನು ಅಮೆರಿಕ ಒಂದೇ ಆಯ್ದುಕೊಳ್ಳುವುದಿಲ್ಲ, ಎದುರಾಳಿಯೂ ಆಯ್ದುಕೊಳ್ಳುತ್ತಾನೆ. ನೇರ ಕಾಳಗದಲ್ಲಿ ಸೋಲುವೆನೆಂದು ಬಲ್ಲವನು ಊರುಕೇರಿಗಳ ನಡುವಿನಿಂದಲೇ ಹೋರಾಡುತ್ತಾನೆ. ಆಗ 2006ರ ಕೈಪಿಡಿಯಂತೆ ಯುದ್ಧ ನಡೆಸಬಲ್ಲ ಅಧಿಕಾರಿಗಳು ಸೇನೆಯಲ್ಲಿ ಉಳಿದಿರುತ್ತಾರೆಯೇ ಎಂಬುದು ಈಗಿನ ತರಬೇತಿ ಶಾಲೆಗಳು ಏನನ್ನು ಕಲಿಸುತ್ತಿವೆ ಎಂಬುದರ ಮೇಲೆ ನಿಂತಿದೆ.