ಬಾತು ಮೊಟ್ಟೆ ಇಡಲಾಗದೆ ತಿಣುಕುತ್ತಿದ್ದರೆ

ಪ್ರಶ್ನೆ: ಮನೆಯಲ್ಲಿ ಮೂರು ಖಾಕಿ ಕ್ಯಾಂಪ್‌ಬೆಲ್ ಹೆಣ್ಣು ಬಾತುಗಳಿವೆ. ಒಂದು ನಿನ್ನೆ ಬೆಳಗಿನಿಂದ ಮೂಲೆ ಹಿಡಿದು ಕೂತಿದೆ. ಬಾಲ ಏರಿಳಿಸುತ್ತ ತಿಣುಕುತ್ತದೆ, ಮೊಟ್ಟೆ ಬರುತ್ತಿಲ್ಲ, ಮೇವು ಮುಟ್ಟುತ್ತಿಲ್ಲ. ದಿನವೂ ಅನ್ನ, ತೌಡು ಹಾಕುತ್ತೇವೆ. ಹರಳೆಣ್ಣೆ ಸವರಿ ಬೆರಳಿನಿಂದ ಮೊಟ್ಟೆ ಎಳೆಯಿರಿ ಎನ್ನುತ್ತಾರೆ ಅಕ್ಕಪಕ್ಕದವರು. ಪಶುವೈದ್ಯರು ದೂರದಲ್ಲಿದ್ದಾರೆ. ಏನು ಮಾಡಬೇಕು?

ಉತ್ತರ: ಎಳೆಯಬೇಡಿ, ಹೊಟ್ಟೆಯನ್ನೂ ಒತ್ತಬೇಡಿ. ಮೊಟ್ಟೆ ಒಳಗೇ ಒಡೆದರೆ ಚಿಪ್ಪಿನ ಚೂರುಗಳು ಅಂಡನಾಳವನ್ನು ಸೀಳುತ್ತವೆ. ಲೋಳೆ ಹೊಟ್ಟೆಯೊಳಕ್ಕೆ ಸೋರಿದರೆ ಸೋಂಕು. ಸಿಕ್ಕಿಕೊಂಡ ಮೊಟ್ಟೆಗಿಂತ ಅದನ್ನು ವಾಸಿಮಾಡುವುದು ಕಷ್ಟ.

ಬಾತುಗಳು ಸಾಮಾನ್ಯವಾಗಿ ನಸುಕಿನಿಂದ ಬೆಳಗಿನೊಳಗೆ ಮೊಟ್ಟೆ ಇಟ್ಟು ಮುಗಿಸುತ್ತವೆ. ಮಧ್ಯಾಹ್ನವಾದರೂ ತಿಣುಕುತ್ತಿದ್ದರೆ ಆರೈಕೆ ಶುರು ಮಾಡಬೇಕು. ನಿಮ್ಮದಕ್ಕೆ ಆಗಲೇ ಒಂದು ದಿನ ಕಳೆದಿದೆ. ಹಾಗಾಗಿ ಈಗಲೇ ವೈದ್ಯರಿಗೆ ಫೋನ್ ಮಾಡಿ ಗಾಡಿ ಗೊತ್ತುಮಾಡಿ. ಕೆಳಗೆ ಹೇಳಿರುವುದೆಲ್ಲ ಹೊರಡುವ ಮುಂಚಿನ ಒಂದೆರಡು ಗಂಟೆಗೆ. ಕಾಲು ಎಳೆಯುತ್ತಿದ್ದರೆ, ಕತ್ತು ಜೋತುಬಿದ್ದಿದ್ದರೆ, ಕೊಕ್ಕು ತೆರೆದು ಏದುಸಿರು ಬಿಡುತ್ತಿದ್ದರೆ ಅಷ್ಟಕ್ಕೂ ಕಾಯದೆ ಹೊರಡಿ. ಸಿಕ್ಕಿಕೊಂಡ ಮೊಟ್ಟೆ ಕಾಲಿನ ನರಗಳನ್ನು ಒತ್ತುತ್ತದೆ, ಹಿಕ್ಕೆಯ ದಾರಿಯನ್ನೂ ಮುಚ್ಚುತ್ತದೆ.

ಮೊದಲು ಬೆಚ್ಚನೆ ನೀರು. ಟಬ್ಬಿನಲ್ಲಿ 38ರಿಂದ 40 ಡಿಗ್ರಿ ಸೆಲ್ಸಿಯಸ್ ನೀರು ತುಂಬಿ. ಥರ್ಮಾಮೀಟರ್ ಇಲ್ಲದಿದ್ದರೆ ಮೊಣಕೈ ಅದ್ದಿ ನೋಡಿ: ಬೆಚ್ಚಗಿರಬೇಕು, ಚುರುಕ್ ಎನ್ನಬಾರದು. ಹೊಟ್ಟೆ ಮತ್ತು ಗುದದ್ವಾರ ಮುಳುಗಬೇಕು, ಪಾದ ತಳಕ್ಕೆ ತಾಗುತ್ತಿರಬೇಕು. 20 ನಿಮಿಷ ಕೂರಿಸಿ, ನೀರು ಆರಿದಂತೆ ಬಿಸಿನೀರನ್ನು ದೂರದಿಂದ ಸೇರಿಸಿ. ಬಾತು ಮುಳುಗುವುದುಂಟೇ ಎಂದು ಬಿಟ್ಟುಹೋಗಬೇಡಿ. ಸುಸ್ತಾದ ಬಾತು ತಲೆ ಎತ್ತಿ ಹಿಡಿಯಲಾರದೆ ಮುಳುಗಬಹುದು. ಹೊರತೆಗೆದ ಮೇಲೆ ಟವೆಲಿನಿಂದ ಪೂರ್ತಿ ಒರೆಸಿ. ಫ್ಯಾನ್ ಗಾಳಿಗೆ ಒಡ್ಡಿದರೆ ಚಳಿ ಹಿಡಿದು, ಸಡಿಲವಾದ ಸ್ನಾಯು ಮತ್ತೆ ಬಿಗಿಯುತ್ತದೆ. ಆಮೇಲೆ ಮಬ್ಬುಗತ್ತಲೆಯ, ಸದ್ದಿಲ್ಲದ ಜಾಗದಲ್ಲಿ ಬಿಡಿ. ಒಂದು ಬದಿಗೆ ಮಾತ್ರ 60 ವ್ಯಾಟಿನ ಹಳೇ ಮಾದರಿ ಬಲ್ಬು ಹಾಕಿ, ಸೆಕೆಯಾದರೆ ದೂರ ಸರಿಯಲು ಬಾತಿಗೆ ಜಾಗವಿರಲಿ. ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆ, ಕಾವು ಕೊಡುವುದಿಲ್ಲ.

ಇನ್ನು ಕ್ಯಾಲ್ಸಿಯಂ. ಇದು ಚಿಪ್ಪಿಗಷ್ಟೇ ಅಲ್ಲ, ಮೊಟ್ಟೆಯನ್ನು ಹೊರದೂಡುವ ಸ್ನಾಯು ಹಿಂಡಿಕೊಳ್ಳುವುದಕ್ಕೂ ಬೇಕು. ಅಂಡನಾಳದಲ್ಲಿ ಮೊಟ್ಟೆ ಇರುವ ಸುಮಾರು ಒಂದು ದಿನದಲ್ಲಿ 18-20 ಗಂಟೆ ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. ಅಷ್ಟರಲ್ಲಿ ರಕ್ತದ ಕ್ಯಾಲ್ಸಿಯಂ ಕುಸಿದರೆ ದೂಡುವ ಶಕ್ತಿಯೇ ಇರುವುದಿಲ್ಲ. ಮೆಡಿಕಲ್ ಅಂಗಡಿಯ 500 ಮಿ.ಗ್ರಾಂ. ಕ್ಯಾಲ್ಸಿಯಂ, ವಿಟಮಿನ್ ಡಿ3 ಇರುವ ಮಾತ್ರೆಯಲ್ಲಿ ಅರ್ಧವನ್ನು ಪುಡಿಮಾಡಿ ಬಾಳೆಹಣ್ಣಿನ ಚೂರಿನಲ್ಲಿ ಕೊಡಿ. ತಿನ್ನದಿದ್ದರೆ ಸ್ವಲ್ಪ ನೀರಿನಲ್ಲಿ ಕಲಸಿ ಕೊಕ್ಕಿನ ಪಕ್ಕದ ಅಂಚಿನಲ್ಲಿ ಹನಿಹನಿಯಾಗಿ ಬಿಡಿ, ತಾನೇ ನುಂಗಲಿ. ತಲೆ ಹಿಂದಕ್ಕೆ ಬಾಗಿಸಿ ಸುರಿದರೆ ನಾಲಿಗೆಯ ಬುಡದಲ್ಲೇ ಇರುವ ಶ್ವಾಸದ್ವಾರಕ್ಕೆ ಇಳಿಯುತ್ತದೆ. ಅರೆಪ್ರಜ್ಞೆಯಲ್ಲಿರುವ ಬಾತಿಗೆ ಬಾಯಿಯ ಮೂಲಕ ಏನನ್ನೂ ಕೊಡಬೇಡಿ.

ಹರಳೆಣ್ಣೆ ಬೇಡ. ಹೊರಗೆ ಸವರಿದ ಎಣ್ಣೆ ಮೊಟ್ಟೆ ಇರುವಲ್ಲಿಗೆ ಹೋಗುವುದೇ ಇಲ್ಲ, ಗರಿಗೆ ಅಂಟಿ ನೀರು ತಡೆಯುವ ಗುಣವನ್ನು ಕೆಡಿಸುತ್ತದೆ. ಸ್ಕ್ಯಾನಿಂಗಿಗೆ ಬಳಸುವಂಥ ನೀರಿನಾಧಾರದ ಜೆಲ್ಲಿಯನ್ನು ಗುದದ್ವಾರದ ಅಂಚಿಗೆ ಅರ್ಧ ಚಮಚ ಸವರಬಹುದು. ಕೆಂಪು ಮಾಂಸ ಹೊರಬಂದಿದ್ದರೆ ಉಪ್ಪುನೀರಿನ ಸಲೈನಿನಿಂದ ತೊಳೆದು, ಅದೇ ಸಲೈನಿನಲ್ಲಿ ನೆನೆಸಿದ ಬಟ್ಟೆ ಮುಚ್ಚಿ ಒಣಗದಂತೆ ನೋಡಿಕೊಳ್ಳಿ. ಉಳಿದೆರಡು ಬಾತುಗಳನ್ನು ದೂರವಿಡಿ, ಕೆಂಪು ಕಂಡರೆ ಕುಕ್ಕುತ್ತವೆ.

ವೈದ್ಯರು ಎಕ್ಸ್‌ರೇ ಅಥವಾ ಸ್ಕ್ಯಾನ್ ಮಾಡಿ, ಕ್ಯಾಲ್ಸಿಯಂ ಗ್ಲೂಕೊನೇಟ್ ಚುಚ್ಚುಮದ್ದು ಕೊಡುತ್ತಾರೆ. ತೊಗಲು ಚಿಪ್ಪಿನ ಮೊಟ್ಟೆ ಎಕ್ಸ್‌ರೇಯಲ್ಲಿ ಸ್ಪಷ್ಟವಾಗಿ ಕಾಣದಿರಬಹುದು. ನಾಳದ ಸ್ನಾಯುವನ್ನು ಹಿಂಡಿಸುವ ಹಾರ್ಮೋನಾದ ಆಕ್ಸಿಟೋಸಿನ್ ಕೊಡುವುದಾದರೆ ಕ್ಯಾಲ್ಸಿಯಂ ಆದಮೇಲೆ, ದಾರಿಯಲ್ಲಿ ಅಡ್ಡಿಯಿಲ್ಲವೆಂದು ಖಾತ್ರಿಯಾದ ಮೇಲೆ. ಇಲ್ಲದಿದ್ದರೆ ನಾಳವೇ ಹರಿಯಬಹುದು. ಹಸುವಿಗೆ ತಂದಿಟ್ಟ ಆಕ್ಸಿಟೋಸಿನ್ ಮನೆಯಲ್ಲಿದ್ದರೂ ನೀವಾಗಿ ಚುಚ್ಚಬೇಡಿ. ನೋವಿಗೆಂದು ಡೈಕ್ಲೋಫೆನಾಕ್ ಬೇಡವೇ ಬೇಡ. ರಣಹದ್ದುಗಳನ್ನು ಕೊಂದದ್ದೇ ಅದು, 2006ರಲ್ಲಿ ಪಶುಗಳಿಗೆ ಬಳಸುವುದನ್ನು ಭಾರತ ನಿಷೇಧಿಸಿತು. ಕೋಳಿ ಜಾತಿಯ ಮೂತ್ರಪಿಂಡಕ್ಕೂ ಅದು ವಿಷ.

ಪ್ರಶ್ನೆ: ಬಾತುಗಳಿಗೆ ರಾಗಿ ಹಾಕುತ್ತೇನೆ. ರಾಗಿಯಲ್ಲೇ ಬೇಕಾದಷ್ಟು ಕ್ಯಾಲ್ಸಿಯಂ ಇದೆಯಲ್ಲ, ಸಾಲದೇ?

ಉತ್ತರ: ಸಾಲದು. ಲೆಕ್ಕ ಹಾಕಿ: 100 ಗ್ರಾಂ ರಾಗಿಯಲ್ಲಿರುವುದು ಸುಮಾರು 350 ಮಿ.ಗ್ರಾಂ. ಬಾತಿನ ಒಂದೇ ಮೊಟ್ಟೆಯ ಚಿಪ್ಪಿಗೆ 2 ಗ್ರಾಮಿಗಿಂತ ಹೆಚ್ಚು ಕ್ಯಾಲ್ಸಿಯಂ ಹೋಗುತ್ತದೆ. ಅನ್ನ, ತೌಡಿನ ಕಥೆ ಇನ್ನೂ ಕಡೆ. ತೌಡಿನಲ್ಲಿರುವ ಫೈಟೇಟ್ ಎಂಬ ಅಂಶ ಇದ್ದಬದ್ದ ಕ್ಯಾಲ್ಸಿಯಮ್ಮನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಮೊಟ್ಟೆಯಿಡುವ ಬಾತಿಗೆ ಮೂಲ ಆಹಾರವಾಗಿ ಸುಮಾರು ಶೇ 3.5 ಕ್ಯಾಲ್ಸಿಯಂ ಇರುವ ಲೇಯರ್ ಮೇವು ಬೇಕು. ರಾಗಿ, ಅನ್ನ ಬಾಯಿರುಚಿಗೆ ಒಂದೊಂದು ಹಿಡಿ ಇದ್ದರೆ ಸಾಕು.

ಜೊತೆಗೆ ಕಪ್ಪೆಚಿಪ್ಪಿನ ಗ್ರಿಟ್ ಬೇರೆ ಬಟ್ಟಲಿನಲ್ಲಿಡಿ, ಬೇಕಾದಷ್ಟನ್ನು ಬಾತೇ ಆರಿಸಿಕೊಳ್ಳುತ್ತದೆ. ನುಣ್ಣನೆ ಪುಡಿಗಿಂತ 2-4 ಮಿ.ಮೀ. ಚೂರು ಒಳ್ಳೆಯದು. ಚಿಪ್ಪು ಕಟ್ಟುವ ಕೆಲಸ ಹೆಚ್ಚಾಗಿ ರಾತ್ರಿ ನಡೆಯುವುದರಿಂದ, ನಿಧಾನವಾಗಿ ಕರಗುವ ಚೂರೇ ಆಗ ಒದಗುತ್ತದೆ. ಗಂಡು ಬಾತು, ಮರಿಗಳ ಮೇವಿಗೆ ಮಾತ್ರ ಇದನ್ನು ಬೆರೆಸಬೇಡಿ, ಹೆಚ್ಚಿನ ಕ್ಯಾಲ್ಸಿಯಂ ಅವುಗಳ ಮೂತ್ರಪಿಂಡಕ್ಕೆ ಹೊರೆ. ಬಿಸಿಲಿಲ್ಲದ ಗ್ಯಾರೇಜಿನಲ್ಲೇ ಸಾಕಿದರೆ ವಿಟಮಿನ್ ಡಿ3 ಕಡಿಮೆಯಾಗಿ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಬೂಸ್ಟು ಹಿಡಿದ ಕಡಲೆಹಿಂಡಿ, ಜೋಳ ಹಾಕಲೇಬೇಡಿ. ಬೂಸ್ಟಿನ ಅಫ್ಲಾಟಾಕ್ಸಿನ್ ವಿಷ ಕೋಳಿಗಿಂತ ಬಾತಿನ ಯಕೃತ್ತನ್ನು ಬಹಳ ಬೇಗ ಕೆಡಿಸುತ್ತದೆ.

ಪ್ರಶ್ನೆ: ಸಿಕ್ಕಿಕೊಂಡಿದ್ದ ಮೊಟ್ಟೆ ಬಂತು. ಬಾತನ್ನು ಮತ್ತೆ ಹಿಂಡಿಗೆ ಬಿಡಬಹುದೇ?

ಉತ್ತರ: ಮೂರ್ನಾಲ್ಕು ದಿನ ಬೇರೆ ಇಡಿ, ಗಂಡಿನ ಹತ್ತಿರ ಬಿಡಬೇಡಿ. ಹಿಂದೆಯೇ ಇನ್ನೊಂದು ಮೊಟ್ಟೆ ತಯಾರಾಗುತ್ತಿರಬಹುದು, ಆದ್ದರಿಂದ ಅರ್ಧ ಮಾತ್ರೆಯನ್ನು ದಿನಕ್ಕೊಮ್ಮೆಯಂತೆ ಅಷ್ಟೂ ದಿನ ಮುಂದುವರಿಸಿ. ಬಂದ ಮೊಟ್ಟೆಯ ಚಿಪ್ಪು ತೊಗಲಿನಂತಿದ್ದರೆ ಅಥವಾ ಒರಟಾಗಿದ್ದರೆ ಫೋಟೊ ತೆಗೆದು ವೈದ್ಯರಿಗೆ ತೋರಿಸಿ. ಪದೇಪದೇ ಸಿಕ್ಕಿಕೊಳ್ಳುತ್ತಿದ್ದರೆ ಕೆಲವು ವಾರ ಬೆಳಕನ್ನು ದಿನಕ್ಕೆ 8-9 ಗಂಟೆಗೆ ಇಳಿಸಿ, ಮೊಟ್ಟೆಯಿಡುವುದು ನಿಲ್ಲುತ್ತ ಬರುತ್ತದೆ. ಆಂಟಿಬಯೋಟಿಕ್ ಕೊಟ್ಟಿದ್ದರೆ ಎಷ್ಟು ದಿನ ಮೊಟ್ಟೆ ತಿನ್ನಬಾರದೆಂದು ವೈದ್ಯರನ್ನೇ ಕೇಳಿ, ಔಷಧಿಯಿಂದ ಔಷಧಿಗೆ ಆ ಅವಧಿ ಬೇರೆ.