ಓದುಗರ ಪ್ರಶ್ನೆ, ನಮ್ಮ ಉತ್ತರ: ಅಟ್ಟದ ಮೇಲಿನ ತೊಟ್ಟಿಲು

ಪ್ರಶ್ನೆ: ನಮ್ಮ ಮದುವೆಯಾಗಿ ಒಂಬತ್ತು ವರ್ಷಗಳಾದವು, ಮಕ್ಕಳಿಲ್ಲ. ಮೂರು ವರ್ಷಗಳ ಹಿಂದೆ ನಮ್ಮೂರಿನ ಉಪವಾಸ ಕೂಟಕ್ಕೆ ಬಂದಿದ್ದ ಬೋಧಕರೊಬ್ಬರು ನನ್ನ ತಲೆಯ ಮೇಲೆ ಕೈಯಿಟ್ಟು, ‘ಬರುವ ಕ್ರಿಸ್‌ಮಸ್ಸಿಗೆ ನಿಮ್ಮ ಮನೆಯಲ್ಲಿ ತೊಟ್ಟಿಲು ತೂಗುತ್ತದೆ’ ಎಂದರು. ಅತ್ತೆಯವರು ಆ ತಿಂಗಳೇ ಹಲಸಿನ ಮರದ ತೊಟ್ಟಿಲು ಮಾಡಿಸಿದರು. ಅದೀಗ ಅಟ್ಟದ ಮೇಲೆ ಗೋಣಿತಾಟು ಹೊದ್ದು ಕುಳಿತಿದೆ. ಕೂಟದವರು ‘ನಿಮ್ಮ ನಂಬಿಕೆಯಲ್ಲೇ ಕೊರತೆ’ ಎನ್ನತೊಡಗಿದ್ದಾರೆ. ನನಗೆ ದೇವರ ಮೇಲೆ ಸಿಟ್ಟು ಬರುತ್ತದೆ, ಬೆನ್ನಿಗೇ ಭಯವೂ ಆಗುತ್ತದೆ. ಚಿಕಿತ್ಸೆ ಮುಂದುವರಿಸಿದರೆ, ದತ್ತು ತೆಗೆದುಕೊಳ್ಳುವ ಯೋಚನೆ ಮಾಡಿದರೆ ದೇವರಿಗಿಂತ ಮುಂದೆ ಓಡಿದಂತಾಗುತ್ತದೆಯೇ?
— ಓದುಗರೊಬ್ಬರು, ಚಿಕ್ಕಮಗಳೂರು ಜಿಲ್ಲೆ

ಉತ್ತರ: ನಂಬಿಕೆಯ ಕೊರತೆಯ ಮಾತನ್ನು ಮೊದಲು ಇತ್ಯರ್ಥ ಮಾಡೋಣ. ಲೂಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಬರುವ ಜಕರೀಯ ಮತ್ತು ಎಲಿಸಬೇತರನ್ನು ದೇವರ ದೃಷ್ಟಿಯಲ್ಲಿ ನೀತಿವಂತರು, ನಿರ್ದೋಷಿಗಳು ಎಂದು ಹೇಳಿದ ಮರುವಾಕ್ಯದಲ್ಲೇ ಅವರಿಗೆ ಮಕ್ಕಳಿರಲಿಲ್ಲ, ಇಬ್ಬರೂ ಮುಪ್ಪಿನವರಾಗಿದ್ದರು ಎಂದು ಬರೆದಿದೆ. ಇನ್ನೂ ಒಂದು ಸಂಗತಿಯಿದೆ. ದೇವದೂತನು ಬಂದು ಹೇಳಿದಾಗ ಜಕರೀಯನು ನಂಬಲಿಲ್ಲ. ಅದಕ್ಕಾಗಿ ಅವನ ಮಾತು ನಿಂತಿತೇ ಹೊರತು ಮಗು ಹುಟ್ಟುವುದು ನಿಲ್ಲಲಿಲ್ಲ. ನಂಬಿಕೆಯನ್ನು ತಕ್ಕಡಿಗೆ ಹಾಕಿ, ತೂಕ ಸಾಲದೆಂದು ದೇವರು ಸರಕು ಹಿಡಿದಿಟ್ಟಿದ್ದಾರೆ ಎನ್ನುವ ಲೆಕ್ಕ ಈ ಕಥೆಗೆ ಹೊಂದುವುದಿಲ್ಲ.

ಈಗ ಆ ಬೋಧಕರ ವಿಷಯ. ಯೆರೆಮೀಯನ ಗ್ರಂಥದ 28ನೇ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದಿ. ಬಾಬೆಲಿನ ಅರಸನು ಯೆರೂಸಲೇಮಿನಿಂದ ಜನರನ್ನೂ ದೇವಾಲಯದ ಪಾತ್ರೆಗಳನ್ನೂ ಒಯ್ದಿದ್ದ ಕಾಲವದು. ಗಿಬ್ಯೋನಿನ ಹನನ್ಯನೆಂಬ ಪ್ರವಾದಿ ಯಾಜಕರೂ ಜನರೂ ತುಂಬಿದ್ದ ದೇವಾಲಯದಲ್ಲಿ ನಿಂತು, ಎರಡು ವರ್ಷದೊಳಗೆ ಎಲ್ಲವೂ ಹಿಂದಿರುಗುತ್ತದೆ ಎಂದು ಸಾರಿದನು. ಯೆರೆಮೀಯನು ಅದಕ್ಕೆ ಮೊದಲು ಹೇಳಿದ ಮಾತು ‘ಆಮೆನ್, ಕರ್ತನು ಹಾಗೆಯೇ ಮಾಡಲಿ’ ಎಂಬುದು. ಇದನ್ನು ವ್ಯಂಗ್ಯವೆಂದು ಓದುವವರಿದ್ದಾರೆ; ನನಗೆ ಹಾಗನ್ನಿಸುವುದಿಲ್ಲ, ಆ ಬಿಡುಗಡೆ ಅವನಿಗೂ ಬೇಕಾಗಿತ್ತು. ಬಾಬೆಲಿಗೆ ಅಧೀನರಾಗಿರಬೇಕೆಂಬುದರ ಗುರುತಾಗಿ ಯೆರೆಮೀಯನು ಹೆಗಲ ಮೇಲೆ ಹೊತ್ತಿದ್ದ ಮರದ ನೊಗವನ್ನು ಹನನ್ಯನು ತೆಗೆದು ಮುರಿದಾಗಲೂ ಯೆರೆಮೀಯನು ಜಗಳಕ್ಕೆ ನಿಲ್ಲದೆ ಹೊರಟುಹೋದನು. ಅವನಿಗೆ ದೊರೆತಿದ್ದ ಮಾತು ಎರಡು ವರ್ಷದ್ದಲ್ಲ, ಎಪ್ಪತ್ತು ವರ್ಷದ್ದು. ನಿಮಗೆ ಗಡುವು ಕೊಟ್ಟ ಬೋಧಕರ ಮನಸ್ಸು ಒಳ್ಳೆಯದೇ ಇದ್ದಿರಬಹುದು. ಆದರೆ ಗಡುವು ಕೊಟ್ಟವರು ಅದು ಮೀರಿದ ಮೇಲೆ ಉತ್ತರ ಹೇಳಬೇಕು. ಆ ಹೊರೆಯನ್ನು ನಿಮ್ಮ ತಲೆಗೆ ಕಟ್ಟುವುದು ಅನ್ಯಾಯ.

ಮುಂದಿನ ಅಧ್ಯಾಯದಲ್ಲಿ ಯೆರೆಮೀಯನು ಸೆರೆಯವರಿಗೆ ಬರೆದ ಪತ್ರವಿದೆ. ನಿಮ್ಮ ಕುರಿತಾದ ನನ್ನ ಆಲೋಚನೆಗಳು ಕೇಡಿನವಲ್ಲ, ಸಮಾಧಾನದವು ಎಂಬ ಅರ್ಥದ 11ನೇ ವಚನ ನಮ್ಮ ಎಷ್ಟೋ ಮನೆಗಳ ಕ್ಯಾಲೆಂಡರಿನಲ್ಲಿ, ಹೊಸ ವರ್ಷದ ವಾಗ್ದಾನದ ಚೀಟಿಯಲ್ಲಿ ಇರುತ್ತದೆ. ಎಪ್ಪತ್ತು ವರ್ಷ ಎನ್ನುವ 10ನೇ ವಚನವನ್ನು ಅಚ್ಚು ಹಾಕಿಸಿದವರನ್ನು ನಾನು ಕಂಡಿಲ್ಲ! ಆ ಪತ್ರ ಕೇಳಿಸಿಕೊಂಡ ನಡುವಯಸ್ಸಿನವರು ಹಿಂದಿರುಗುವ ದಿನವನ್ನು ತಾವು ಕಾಣುವುದಿಲ್ಲ ಎಂದು ಅಲ್ಲೇ ಅರಿತುಕೊಂಡಿರಬೇಕು. ಹಾಗಿದ್ದೂ ಪತ್ರ ಅವರಿಗೆ ಹೇಳಿದ್ದು ಗಂಟುಮೂಟೆ ಕಟ್ಟಿಕೊಂಡು ಬಾಗಿಲಲ್ಲಿ ಕೂತಿರಿ ಎಂದಲ್ಲ. ಮನೆ ಕಟ್ಟಿರಿ, ತೋಟ ಮಾಡಿ ಅದರ ಫಲ ತಿನ್ನಿರಿ, ಇರುವ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂದು. ಈ ಒಂಬತ್ತು ವರ್ಷಗಳಲ್ಲಿ, ಮಗುವಾದ ಮೇಲೆ ನೋಡೋಣ ಎಂದು ನೀವಿಬ್ಬರೂ ಮುಂದಕ್ಕೆ ಹಾಕಿದ ಕೆಲಸ, ಪ್ರಯಾಣ, ಓದು ಏನೇನಿದೆಯೋ ನನಗೆ ಗೊತ್ತಿಲ್ಲ. ಅವುಗಳಲ್ಲಿ ಒಂದನ್ನಾದರೂ ಈ ವರ್ಷ ಕೈಗೆತ್ತಿಕೊಳ್ಳಿ.

ಸಿಟ್ಟಿಗೆ ಹೆದರಬೇಡಿ. ಆರೇ ವಚನಗಳ 13ನೇ ಕೀರ್ತನೆಯಲ್ಲಿ ‘ಎಷ್ಟರ ತನಕ’ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಆ ಕೀರ್ತನೆ ಕೊನೆಗೆ ಹಾಡಿಗೆ ತಿರುಗುತ್ತದಾದರೂ, 88ನೆಯದು ಕತ್ತಲೆಯ ಮಾತಿನಲ್ಲೇ ನಿಂತುಬಿಡುತ್ತದೆ. ಎರಡನ್ನೂ ಸಭೆಯವರು ಪ್ರಾರ್ಥನೆಯ ಪುಸ್ತಕದಲ್ಲಿ ಉಳಿಸಿಕೊಂಡೇ ಬಂದಿದ್ದಾರೆ.

ಮುಂದೆ ಓಡುವ ಪ್ರಶ್ನೆಗೆ ಸಾಮಾನ್ಯವಾಗಿ ಹಾಗರಳ ಕಥೆಯನ್ನು ತೋರಿಸುತ್ತಾರೆ: ದೇವರು ಮಾತು ಕೊಟ್ಟ ಮಗ ಇಸಾಕನು ಹುಟ್ಟುವ ತನಕ ಕಾಯದೆ, ಅಬ್ರಹಾಮನೂ ಅವನ ಹೆಂಡತಿ ಸಾರಳೂ ದಾಸಿ ಹಾಗರಳಿಂದ ಇಷ್ಮಾಯೇಲನನ್ನು ಪಡೆದ ಕಥೆ. ಖಾರಾನಿನಿಂದ ಹೊರಟಾಗ ಅಬ್ರಹಾಮನಿಗೆ 75 ವರ್ಷ, ಇಷ್ಮಾಯೇಲನು ಹುಟ್ಟಿದಾಗ 86, ಇಸಾಕನು ಹುಟ್ಟಿದಾಗ 100. ಆದರೆ ನನ್ನ ತಿಳಿವಳಿಕೆಯಲ್ಲಿ ಅಲ್ಲಿನ ತಪ್ಪು ಅವರು ಏನನ್ನೋ ಮಾಡಿದರು ಎಂಬುದರಲ್ಲಿಲ್ಲ. ಮಾತಾಡುವ ಹಕ್ಕಿಲ್ಲದ ಒಬ್ಬ ದಾಸಿಯನ್ನು ತಮ್ಮ ಆಸೆಗೆ ಸಾಧನ ಮಾಡಿಕೊಂಡು, ಆಮೇಲೆ ಅವಳನ್ನೇ ಬಾಧಿಸಿದ್ದರಲ್ಲಿದೆ. ವೈದ್ಯರ ಬಳಿ ಹೋಗುವುದಕ್ಕೂ ಅದಕ್ಕೂ ಹೋಲಿಕೆಯಿಲ್ಲ. ಲೂಕನನ್ನು ಪೌಲನು ಪ್ರಿಯ ವೈದ್ಯನೆಂದೇ ಕರೆದಿದ್ದಾನೆ. ಪರೀಕ್ಷೆ ಗಂಡ ಹೆಂಡತಿ ಇಬ್ಬರಿಗೂ ಆಗಿರಬೇಕು, ಇದನ್ನು ಒತ್ತಿ ಹೇಳುತ್ತೇನೆ. ಇನ್ನು ದತ್ತಿನ ವಿಷಯ: ಹಿಂದೆ ನಮ್ಮ ದೇಶದ ಕ್ರೈಸ್ತರಿಗೆ 1890ರ ಕಾಯಿದೆಯ ಪ್ರಕಾರ ಮಗುವಿನ ಪೋಷಕತ್ವವಷ್ಟೇ ದೊರೆಯುತ್ತಿತ್ತು, ಈಗ 2015ರ ಬಾಲನ್ಯಾಯ ಕಾಯಿದೆಯಡಿ ಯಾವ ಧರ್ಮದವರೂ ಪೂರ್ಣ ದತ್ತು ಪಡೆಯಬಹುದು, ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದ ಜಾಲತಾಣದಲ್ಲಿ ಹೆಸರು ನೋಂದಾಯಿಸಬೇಕು. ಅಲ್ಲಿಯೂ ಕಾಯುವ ಸರದಿ ಉದ್ದವಿದೆ. ತಂದೆತಾಯಿಯಿಲ್ಲದ ಎಸ್ತೇರಳನ್ನು ಮೊರ್ದೆಕೈ ಮಗಳಾಗಿ ಸಾಕಿದ್ದನ್ನು ಅವಸರವೆಂದು ಯಾರೂ ಕರೆದಿಲ್ಲ.

ತೊಟ್ಟಿಲನ್ನು ಏನು ಮಾಡಬೇಕೆಂದು ನೀವು ಕೇಳಿಲ್ಲ, ಆದರೂ ಪತ್ರದಲ್ಲಿ ಬರೆದಿದ್ದೀರಿ. ಅತ್ತೆಯವರು ಅದನ್ನು ಮಾಡಿಸಿದ್ದು ಆಸೆಯಿಂದ. ಅವರೂ ನಿಮ್ಮೊಂದಿಗೆ ಕಾಯುತ್ತಿದ್ದಾರೆ. ಅದು ಅಟ್ಟದಲ್ಲಿರಲಿ ಎಂದೋ, ಬಾಣಂತಿಯಿರುವ ನೆಂಟರ ಮನೆಗೆ ಕೊಡೋಣ ಎಂದೋ ಒಮ್ಮೆ ಅವರ ಜೊತೆ ಕೂತು ಮಾತಾಡಿ.

ಪ್ರಶ್ನೆ: ಯಾಕೋಬನ ಪತ್ರದಲ್ಲಿ ಬರುವ ‘ದೀರ್ಘಶಾಂತಿ’ಯೂ ತಾಳ್ಮೆಯೂ ಒಂದೆಯೇ?
— ಓದುಗರೊಬ್ಬರು, ಹಾವೇರಿ

ಉತ್ತರ: ಮೂಲ ಗ್ರೀಕಿನಲ್ಲಿ ಎರಡು ಪದಗಳಿವೆ. ‘ಹುಪೊಮೊನೆ’ ಎಂದರೆ ಹೊರೆಯ ಕೆಳಗೆ ನಿಂತೇ ಇರುವುದು. ನಮ್ಮ ತಾಳ್ಮೆ, ಸೈರಣೆಗಳು ಅದಕ್ಕೆ ಹತ್ತಿರ. ‘ಮಾಕ್ರೊಥುಮಿಯ’ ಎಂದರೆ ಬೇಗ ಕೆರಳದ, ಉದ್ದನೆಯ ಮನಸ್ಸು. ದೀರ್ಘಶಾಂತಿ ಎಂಬ ಮಾತಿನಲ್ಲಿ ಆ ‘ದೀರ್ಘ’ ಹಾಗೇ ಉಳಿದಿದೆ. ಯಾಕೋಬನು 5ನೇ ಅಧ್ಯಾಯದಲ್ಲಿ ಇದಕ್ಕೆ ಬೇಸಾಯಗಾರನನ್ನು ತೋರಿಸುತ್ತಾನೆ. ಕನ್ನಡದಲ್ಲಿ ಅವನು ಮುಂಗಾರು ಹಿಂಗಾರುಗಳಿಗೆ ಕಾಯುತ್ತಾನೆ. ಪದ ನಮ್ಮದಾದರೂ ತಿಂಗಳು ನಮ್ಮದಲ್ಲ: ಯಾಕೋಬನ ನಾಡಾದ ಪ್ಯಾಲೆಸ್ತೀನಿನಲ್ಲಿ ಮೊದಲ ಮಳೆ ಅಕ್ಟೋಬರ್ ನವೆಂಬರಿನಲ್ಲಿ ಬಂದು, ಬೇಸಿಗೆಯಿಡೀ ಒಣಗಿ ಕಲ್ಲಾದ ನೆಲವನ್ನು ಉಳುಮೆಗೆ ಸಡಿಲಿಸುತ್ತದೆ, ಕೊನೆಯದು ಮಾರ್ಚ್ ಏಪ್ರಿಲಿನಲ್ಲಿ ಬಂದು ಕಾಳು ತುಂಬಿಸುತ್ತದೆ. ಈ ಎರಡರ ನಡುವಿನ ತಿಂಗಳುಗಳಲ್ಲಿ ರೈತ ಹೊಲ ಬಿಟ್ಟು ಹೋಗುವುದಿಲ್ಲ, ಬೆಳೆದಿದೆಯೋ ಎಂದು ಪೈರನ್ನು ಕಿತ್ತು ಬೇರು ನೋಡುವುದೂ ಇಲ್ಲ. ಹಾವೇರಿಯವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.