ಬ್ಯಾಗ್ ಹೊಸತು ಬೇಡ, ಒಳಗಿನ ಮರಳು ತೆಗೆಯಿರಿ

ಸುರತ್ಕಲ್‌ನ ಹಂಚಿನ ಮನೆ, ಜಗಲಿಯಲ್ಲಿ ಮರಳು ತುಂಬಿದ ಪಂಚಿಂಗ್ ಬ್ಯಾಗ್, ಮಣಿಕಟ್ಟು ನೋವು, ರೆಕ್ಸಿನ್ ಮೇಲೆ ಬೂಸ್ಟು. ಹೊಸತು ತೆಗೊಳ್ಳಬೇಕಾ ಅಂತ ಕೇಳಿದ್ದೀರಿ. ಹೊಲಿಗೆ, ಪಟ್ಟಿ ಗಟ್ಟಿ ಇದ್ದರೆ ಬೇಡ ಮಾರಾಯ್ರೆ. ಗುದ್ದಿದ ಹಾಗೆ ಮರಳು ಕೆಳಗಿಳೀತದೆ. ಮೇಲರ್ಧ ಮೆತ್ತಗೆ, ಕೆಳಗಿನ ಒಂದಡಿ ಕಲ್ಲು. ಮಣಿಕಟ್ಟಿಗೆ ಪೆಟ್ಟು ಬೀಳುವುದು ಅಲ್ಲಿಯೇ. ನೋವು ಪೂರ್ತಿ ಇಳಿಯುವ ತನಕ ಗುದ್ದಬೇಡಿ. ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ.

ಮರಳು ಸುರಿದುಬಿಡಿ, ಅದರ ಬದಲಿಗೆ ತುಂಬಲು ಟೈಲರ್ ಅಂಗಡಿಯಿಂದ ಚಿಂದಿ ಬಟ್ಟೆ ತನ್ನಿ. ಗುಂಡಿ, ಜಿಪ್ ಕಿತ್ತು, 2-3 ಇಂಚಿನ ತುಂಡು ಮಾಡಿ, ಚೆನ್ನಾಗಿ ಬಿಸಿಲಿಗೆ ಹಾಕಿ. ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಮಳೆಯಲ್ಲಿ, ಈ ಕೆಲಸಕ್ಕೆ ಕೈಹಾಕಲೇಬೇಡಿ, ಒಳಗೆ ಹೋದ ತೇವ ಮತ್ತೆ ಹೊರಗೆ ಬರುವುದಿಲ್ಲ, ಬೂಸ್ಟು ಒಳಗಿಂದಲೇ ಶುರುವಾಗ್ತದೆ. ಅರ್ಧ ಅಡಿ ತುಂಬಿ, ಒನಕೆಯಿಂದ ಮೊದಲು ಅಂಚಿನ ಸುತ್ತ, ಆಮೇಲೆ ನಡುವೆ ಗುದ್ದಿ. ಮತ್ತೆ ಅರ್ಧ ಅಡಿ. ನಡುವೆ ಮಾತ್ರ ಗುದ್ದಿದರೆ ಅಂಚಿನಲ್ಲಿ ಪೊಳ್ಳು ಉಳಿದು ಬ್ಯಾಗ್ ಗಂಟುಗಂಟಾಗ್ತದೆ. ಕೆಲವು ವಾರದಲ್ಲಿ ಬಟ್ಟೆ ಕುಸಿದಾಗ ಮೇಲಿಂದ ಇನ್ನಷ್ಟು ತುಂಬಿಸಬೇಕು.

ತೂಕ ನಿಮ್ಮ ಮೈತೂಕದ ಅರ್ಧದಷ್ಟಿರಲಿ. ನಿಮ್ಮದು 68 ಕೆಜಿ, ಹಾಗಾದರೆ 34ರ ಆಸುಪಾಸು. ಮೂರಡಿಯ ಸಣ್ಣ ಬ್ಯಾಗಿಗೆ ಬರೀ ಬಟ್ಟೆಯಲ್ಲಿ ಅಷ್ಟು ತೂಕ ಬರುವುದು ಕಷ್ಟ. ಆಗ ಒಣ ಮರಳನ್ನು ಒಂದೊಂದು ಕೆಜಿಯಂತೆ ಎರಡು ಪದರ ಪ್ಲಾಸ್ಟಿಕ್‌ನಲ್ಲಿ ಕಟ್ಟಿ, ಟೇಪ್ ಸುತ್ತಿ, ಬಟ್ಟೆಯ ನಡುಮಧ್ಯೆ ಮೇಲಿಂದ ಕೆಳಗಿನ ತನಕ ಹಂಚಿಡಿ. ಅಂಚಿಗೆ ಬರಕೂಡದು. ಮುಂದೆಂದಾದರೂ ಹೊಸತು ಕೊಳ್ಳುವುದಾದರೆ ನಾಲ್ಕಡಿಯದ್ದು ತೆಗೊಳ್ಳಿ. ಚರ್ಮದ್ದು ಬಾಳಿಕೆಯದ್ದು ಹೌದು, ಆದರೆ ನಮ್ಮ ಮಳೆಗಾಲದಲ್ಲಿ ಅದರ ಆರೈಕೆ ಜಾಸ್ತಿ; ದಪ್ಪ ರೆಕ್ಸಿನ್ ಸಾಕು.

ತೂಗುಹಾಕುವುದು ಹಂಚು ಹೊರುವ ತೆಳು ಪಕ್ಕಾಸಿಗಲ್ಲ, ಅದು ಅಲುಗಿದರೆ ಹಂಚು ಜಾರ್ತದೆ. ದಪ್ಪ ಜಂತಿಗೇ ಹಾಕಿ, ಮೊದಲು ತಟ್ಟಿ ನೋಡಿ. ಪೊಳ್ಳು ಸದ್ದು ಬಂದರೆ ಒರಲೆ (ಗೆದ್ದಲು) ತಿಂದಿರಬಹುದು. ತೂತು ಕೊರೆಯದೆ, ಲಾರಿ ಲೋಡ್ ಬಿಗಿಯುವ 2 ಇಂಚಿನ ಪಟ್ಟಿ ಸುತ್ತಿ. ಬರೀ ಚೈನ್ ಸುತ್ತಿದರೆ ಮರ ಕೊರೆದುಹೋಗ್ತದೆ. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆಗೆ ಬ್ರ್ಯಾಕೆಟ್ ಹೊಡೆಯುವ ಯೋಚನೆಯಿದ್ದರೆ ಬಿಟ್ಟುಬಿಡಿ. ಎಳೆತಕ್ಕೆ ಕಲ್ಲು ಪುಡಿಯಾಗಿ ಫಾಸ್ಟನರ್ ಸಡಿಲಾಗ್ತದೆ. ಗೋಡೆಯ ಆಚೆ ಬದಿಗೆ ಪ್ಲೇಟ್ ಕೊಟ್ಟು ಬೋಲ್ಟ್ ಬಿಗಿದರೆ ಮಾತ್ರ ನಿಲ್ತದೆ.

ಬೂಸ್ಟಿಗೆ ಬಿಳಿ ವಿನೆಗರ್, ನೀರು ಸಮಸಮ ಬೆರೆಸಿ ಒರೆಸಿ, ಒಣಬಟ್ಟೆ ಆಡಿಸಿ, ಫ್ಯಾನ್ ಹಾಕಿ. ಎರಚಲು ಬೀಳ್ತದೆ ಅಂತ ಪ್ಲಾಸ್ಟಿಕ್ ಹೊದೆಸಬೇಡಿ, ಬೆವರಿನ ತೇವ ಒಳಗೇ ಉಳೀತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಒಳಕೋಣೆಗೆ ಸಾಗಿಸಿ. ಕಡಲಗಾಳಿಗೆ ಜಿಐ (ಸತು ಲೇಪಿಸಿದ ಕಬ್ಬಿಣ) ಚೈನ್‌ನ ಲೇಪ ಮೊದಲು ಹೋಗುವುದು ಕೊಂಡಿಗೆ ಕೊಂಡಿ ಉಜ್ಜುವ ಜಾಗದಲ್ಲಿ. ತಿಂಗಳಿಗೊಮ್ಮೆ ಬ್ಯಾಗ್ ಇಳಿಸಿ ಅಲ್ಲಿ ಒರೆಸಿ ನೋಡಿ. ಕೊಂಡಿ ಸವೆದು ತೆಳುವಾಗಿದ್ದರೆ ಚೈನ್ ಬದಲಿಸಿ, ಕಡಲಗಾಳಿ ತಾಳುವ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸಿಕ್ಕಿದರೆ ಅದೇ ಹಾಕಿ. ಬ್ಯಾಗ್ ತಿರುಗಲು ಬಿಡುವ ಕೊಂಡಿ, ಅಂದರೆ ಸ್ವಿವೆಲ್‌ಗೆ ಗ್ರೀಸ್ ಹಚ್ಚುವುದೂ ಅದೇ ದಿನ.